ಕೆ.ಜಿ.ಎಫ್. ಹಾಗೂ ಬಂಗಾರಪೇಟೆ ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ಆನ್‌ಲೈನ್ ಉನ್ನತ ಶಿಕ್ಷಣ: ಮಾಹಿತಿ

1. ಪೀಠಿಕೆ

ಕೋಲಾರ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಲ್ಪಟ್ಟ ನಂತರ ಈ ಭಾಗದ ಅನೇಕರು ಉದ್ಯೋಗಕ್ಕಾಗಿ ಬಂಗಾರಪೇಟೆ ಜಂಕ್ಷನ್ ಮಾರ್ಗವಾಗಿ ಪ್ರತಿದಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಿದ್ದಾರೆ. ಇಂತಹವರು ಹಗಲಿನ ತರಗತಿಗಳಿಗೆ ಹಾಜರಾಗುವುದು ಕಷ್ಟಸಾಧ್ಯ. ಆನ್‌ಲೈನ್ ಶಿಕ್ಷಣವು ಈ ತೊಡಕನ್ನು ನಿವಾರಿಸಬಲ್ಲದು. ಆದರೆ ಮಾನ್ಯತೆ ಇಲ್ಲದ ಕೋರ್ಸಿಗೆ ಸೇರಿದಲ್ಲಿ ಹಣ ಹಾಗೂ ಕಾಲ ಎರಡೂ ನಷ್ಟವಾಗುತ್ತವೆ.

2. ಕಾಲೇಜಿನಲ್ಲಿ ವ್ಯಾಸಂಗ ಮಾಡುತ್ತಿರುವವರಿಗೆ

ಕೇಂದ್ರ ಸರ್ಕಾರವು 2017ರ ಜುಲೈ 9ರಂದು ಆರಂಭಿಸಿದ 'ಸ್ವಯಂ' ವೇದಿಕೆಯಲ್ಲಿ ಕೋರ್ಸುಗಳನ್ನು ಉಚಿತವಾಗಿ ಕಲಿಯಬಹುದು. ಪ್ರಮಾಣಪತ್ರ ಬೇಕಾದಲ್ಲಿ ಮಾತ್ರ ಶುಲ್ಕ ಪಾವತಿಸಿ, ನಿಗದಿತ ಕೇಂದ್ರದಲ್ಲಿ ಖುದ್ದಾಗಿ ಪರೀಕ್ಷೆ ಬರೆಯಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯು.ಜಿ.ಸಿ.) 2021ರ ನಿಯಮಗಳನ್ವಯ, ಒಂದು ಸೆಮಿಸ್ಟರ್‌ನ ಕೋರ್ಸುಗಳ ಪೈಕಿ ಗರಿಷ್ಠ ಶೇ. 40ರಷ್ಟನ್ನು ಈ ವೇದಿಕೆಯ ಮೂಲಕ ಪೂರೈಸಲು ವಿಶ್ವವಿದ್ಯಾಲಯವು ಅವಕಾಶ ನೀಡಬಹುದು. ಆದುದರಿಂದ ನೋಂದಣಿಗೆ ಮುನ್ನ ಸಂಬಂಧಪಟ್ಟ ಕಾಲೇಜಿನಲ್ಲಿ ವಿಚಾರಿಸಿ ಒಪ್ಪಿಗೆ ಪಡೆಯತಕ್ಕದ್ದು.

3. ಉದ್ಯೋಗದಲ್ಲಿರುವವರಿಗೆ

ಮಾನ್ಯತೆ ಪಡೆದ ಸಂಸ್ಥೆಗಳು ದೂರಶಿಕ್ಷಣ ಅಥವಾ ಆನ್‌ಲೈನ್ ಕ್ರಮದಲ್ಲಿ ನೀಡುವ ಪದವಿಗಳು ಸಾಂಪ್ರದಾಯಿಕ ಪದವಿಗಳಿಗೆ ಸಮಾನವೆಂದು ಯು.ಜಿ.ಸಿ.ಯು 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ರಾಜ್ಯದಲ್ಲಿ ದೂರಶಿಕ್ಷಣಕ್ಕೆಂದೇ 1996ರಲ್ಲಿ ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿದೆ.

4. ಶುಲ್ಕ ಪಾವತಿಸುವ ಮುನ್ನ ಗಮನಿಸಬೇಕಾದ ಅಂಶಗಳು

ಅ) ಯು.ಜಿ.ಸಿ.ಯ ದೂರಶಿಕ್ಷಣ ಬ್ಯೂರೋದ ಜಾಲತಾಣದಲ್ಲಿ ಸಂಸ್ಥೆಯ ಹೆಸರು, ಕೋರ್ಸಿನ ಹೆಸರು ಹಾಗೂ ಪ್ರವೇಶದ ವರ್ಷ, ಈ ಮೂರನ್ನೂ ಪರಿಶೀಲಿಸುವುದು. ಸಂಸ್ಥೆಗೆ ಮಾನ್ಯತೆ ಇದ್ದ ಮಾತ್ರಕ್ಕೆ ಅದರ ಎಲ್ಲಾ ಕೋರ್ಸುಗಳಿಗೂ ಮಾನ್ಯತೆ ಇರುವುದಿಲ್ಲ.

ಆ) ಇಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ ಹಾಗೂ ಕಾನೂನು ಪದವಿಗಳನ್ನು ಈ ಕ್ರಮದಲ್ಲಿ ನೀಡಲು ಅವಕಾಶವಿಲ್ಲ.

ಇ) ಫ್ರಾಂಚೈಸಿ ಕೇಂದ್ರಗಳ ಮೂಲಕ ಪ್ರವೇಶ ನೀಡುವುದನ್ನು ನಿಷೇಧಿಸಲಾಗಿದೆ. ಶುಲ್ಕವನ್ನು ವಿಶ್ವವಿದ್ಯಾಲಯಕ್ಕೇ ನೇರವಾಗಿ ಪಾವತಿಸಿ, ರಸೀದಿಯನ್ನು ಕಾಯ್ದಿರಿಸಿಕೊಳ್ಳುವುದು.

ಈ) 2024-25ನೇ ಸಾಲಿನಿಂದ, ಪ್ರವೇಶ ಪಡೆಯಲು ಸದರಿ ಬ್ಯೂರೋದ ಜಾಲತಾಣದಲ್ಲಿ 'ಡೆಬ್-ಐಡಿ' ಎಂಬ ಗುರುತಿನ ಸಂಖ್ಯೆಯನ್ನು ವಿದ್ಯಾರ್ಥಿಯೇ ಪಡೆದಿರಬೇಕು. ಇದಕ್ಕೆ 'ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್' ಖಾತೆ ಅಗತ್ಯ.

ಉ) ಕೇವಲ 'ಸ್ವಯಂ' ಪ್ರಮಾಣಪತ್ರವು ಪದವಿಗೆ ಸಮಾನವಲ್ಲ.

5. ಸೂಚನೆ

ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಮೊಬೈಲ್ ಮೂಲಕವೂ ಪಾಠಗಳನ್ನು ವೀಕ್ಷಿಸಬಹುದು. ಐ.ಐ.ಟಿ.ಗಳು ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್.ಪಿ.ಟಿ.ಇ.ಎಲ್. ಯೋಜನೆಯ ವಿಡಿಯೊಗಳನ್ನು ಮುಂಚಿತವಾಗಿ ಡೌನ್‌ಲೋಡ್ ಮಾಡಿಕೊಂಡಲ್ಲಿ ರೈಲು ಪ್ರಯಾಣದ ವೇಳೆಯಲ್ಲಿಯೂ ಅಭ್ಯಾಸ ಮಾಡಬಹುದು. ಉದ್ಯೋಗಸ್ಥರು ಪರೀಕ್ಷಾ ದಿನಾಂಕಗಳನ್ನು ಮೊದಲೇ ತಿಳಿದು ರಜೆಯ ವ್ಯವಸ್ಥೆ ಮಾಡಿಕೊಳ್ಳುವುದು ಸೂಕ್ತ.