ದಂಡೆಯ ಶಾಸ್ತ್ರ ಒಳನಾಡಿನತ್ತ ತಿರುಗಿದ ಬಗೆ

ಒಳನಾಡಿನ ಊರಾದ ತೆರಕಣಾಂಬಿಗೆ ಕಡಲು ದೂರ. ಆದರೂ ಕಡಲದಂಡೆ ರೂಪುಗೊಳ್ಳುವ ವಿಚಾರ ಈ ಸೀಮೆಗೆ ಹೊರತಲ್ಲ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಬರುವ ಗುಂಡ್ಲುಹೊಳೆ ನಂಜನಗೂಡಿನಲ್ಲಿ ಕಪಿಲೆಯನ್ನು ಸೇರುತ್ತದೆ. ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು. ಆ ನೀರಿನ ಕೊನೆ ಪೂಂಪುಹಾರ್‌ನ ಕಡಲು. ದಂಡೆಯನ್ನು ಅರಿಯಬೇಕಾದರೆ ಹೊಳೆಯ ತಲೆಯವರೆಗೂ ನೋಡಬೇಕೆಂಬ ತಿಳಿವಳಿಕೆ ಮಾತ್ರ ನಿಧಾನವಾಗಿ ಬಂತು.

ದಂಡೆಯ ಶಾಸ್ತ್ರದ ಆರಂಭದ ದೊಡ್ಡ ಕೆಲಸಗಳಲ್ಲೊಂದು ನಡೆದದ್ದೂ ಒಳನಾಡಿನಲ್ಲೇ. ಅಮೆರಿಕದ ಜಿ.ಕೆ. ಗಿಲ್ಬರ್ಟ್ ಯೂಟಾ ಸೀಮೆಯಲ್ಲಿ ಬತ್ತಿಹೋದ ಬಾನ್‌ವಿಲ್ ಸರೋವರದ ಹಳೆಯ ದಡಗಳನ್ನು ಪರಿಶೀಲಿಸಿ, ಅಲೆಗಳು ಬಂಡೆ ಕೊರೆಯುವ, ಮರಳು ಸಾಗಿಸುವ, ದಿಬ್ಬ ಕಟ್ಟುವ ಬಗೆಯನ್ನು 1885ರಲ್ಲಿ ವಿವರಿಸಿದರು. 1919ರಲ್ಲಿ ಡಗ್ಲಸ್ ಜಾನ್ಸನ್ ತೀರಗಳನ್ನು ವರ್ಗೀಕರಿಸಿದರು: ಮುಳುಗಿದವು, ಮೇಲೆದ್ದವು, ಎರಡೂ ಅಲ್ಲದವು, ಬೆರೆತವು. ಆಗಿನ ಮುಖ್ಯ ಪ್ರಶ್ನೆ ನೆಲ ಮತ್ತು ನೀರಿನ ಮಟ್ಟದ್ದು.

ಎರಡನೇ ಮಹಾಯುದ್ಧ ಆ ಗಮನವನ್ನು ಅಲೆಯತ್ತ ತಿರುಗಿಸಿತು. ಸೈನ್ಯವನ್ನು ದಡಕ್ಕಿಳಿಸಲು ಅಲೆಯ ಮುನ್ಸೂಚನೆ ಬೇಕಿತ್ತು. ಕಡಲ ವಿಜ್ಞಾನಿಗಳಾದ ಸ್ವೆರ್ಡ್ರಪ್ ಮತ್ತು ಮುಂಕ್ ಅದಕ್ಕೆ ಲೆಕ್ಕದ ದಾರಿ ಹಾಕಿಕೊಟ್ಟರು. 1966ರಲ್ಲಿ ಬೋವೆನ್ ಮತ್ತು ಇನ್ಮನ್ ಕ್ಯಾಲಿಫೋರ್ನಿಯಾದ ದಂಡೆಯ ಮರಳಿಗೆ ಜಮಾ-ಖರ್ಚು ಬರೆದರು. ನದಿ ತರುವುದು ಜಮಾ, ಆಳಕ್ಕೆ ಜಾರುವುದು ಖರ್ಚು. 1984ರಲ್ಲಿ ಆಸ್ಟ್ರೇಲಿಯಾದ ರೈಟ್ ಮತ್ತು ಶಾರ್ಟ್ ಕಡಲತೀರಕ್ಕೆ ಸ್ಥಿರವಾದ ಒಂದೇ ರೂಪವಿಲ್ಲ, ಅಲೆಗೆ ತಕ್ಕಂತೆ ಅದು ಆರು ಸ್ಥಿತಿಗಳ ನಡುವೆ ಬದಲಾಗುತ್ತದೆ ಎಂದರು.

ನಮ್ಮ ಕರಾವಳಿ ಇದಕ್ಕೆಲ್ಲ ತೆರೆದ ಪುಸ್ತಕ. ಗೋಕರ್ಣದಲ್ಲಿ ಚಾಚಿದ ಗುಡ್ಡದ ಮೂತಿಗಳ ಮೇಲೆ ಅಲೆಯ ಬಲ ಒಟ್ಟಾಗುತ್ತದೆ. ನಡುವಿನ ಕೊಲ್ಲಿಗಳಲ್ಲಿ ಅದು ಹರಡಿ ಕುಗ್ಗುವುದರಿಂದ ಮರಳು ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಅಲೆ ದಂಡೆಯ ಮರಳನ್ನು ಕಡಲಿಗೆ ಎಳೆದರೆ, ಆಮೇಲಿನ ಶಾಂತ ಅಲೆ ಬಹುಪಾಲನ್ನು ಹಿಂದಕ್ಕೆ ತರುತ್ತದೆ. ಮಂಗಳೂರಿನಲ್ಲಿ ನೇತ್ರಾವತಿ-ಗುರುಪುರ ನದಿಗಳ ಅಳಿವೆಯ ಒಂದು ಬದಿಗೆ ಬೆಂಗ್ರೆ, ಇನ್ನೊಂದು ಬದಿಗೆ ಉಳ್ಳಾಲ. ಎರಡೂ ಮರಳಿನ ಚಾಚುಗಳು. ನೆಲದ ಚಲನೆಯ ಹಳೆಯ ಪ್ರಶ್ನೆಯನ್ನೂ ಇಲ್ಲಿ ಬಿಟ್ಟಿಲ್ಲ. ಮೂಲ್ಕಿಯಿಂದ ಪುಲಿಕಾಟ್ ಸರೋವರದವರೆಗಿನ ಅಕ್ಷದಲ್ಲಿ ನೆಲ ಏಳುತ್ತಿದೆಯೆಂದು ಮಂಗಳೂರು ವಿಶ್ವವಿದ್ಯಾನಿಲಯದ ಕೆ.ಆರ್. ಸುಬ್ರಹ್ಮಣ್ಯ 1996ರಲ್ಲಿ ವಾದಿಸಿದರು.

ಮನುಷ್ಯನ ಕೈವಾಡದ ಪಾಠ ಹಳೆಯದು. ಮದರಾಸು ಬಂದರಿನ ಗೋಡೆಗಳು ಉತ್ತರಕ್ಕೆ ಸಾಗುವ ಮರಳನ್ನು ತಡೆದಾಗ ದಕ್ಷಿಣದಲ್ಲಿ ಮರೀನಾ ದಂಡೆ ಹಿಗ್ಗಿತು, ಉತ್ತರದಲ್ಲಿ ರಾಯಪುರಂ ದಂಡೆ ಕೊರೆದುಹೋಯಿತು. ಉಳ್ಳಾಲದಲ್ಲಿ ಅಳಿವೆಗೆ ತಡೆಗೋಡೆ ಬಂದ ಮೇಲೂ ಕಡಲ್ಕೊರೆತದ ಕಾಟ ಮುಂದುವರಿಯಿತು. ಅಲ್ಲಿ ಕಲ್ಲು ಸುರಿದು ಸಾಲದೆ, ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಲ್ಲಿ ಕಡಲೊಳಗೇ ದಿಬ್ಬ ಕಟ್ಟಲಾಯಿತು.

ಗೋಡೆ ಒಂದೆಡೆಯ ಕೊರೆತವನ್ನು ತಡೆದೀತು, ಮರಳನ್ನು ಹುಟ್ಟಿಸಲಾರದು. ಕಾವೇರಿಗೆ 1934ರಲ್ಲಿ ಮೆಟ್ಟೂರು ಅಣೆಕಟ್ಟು ಬಂದ ಮೇಲೆ, ಗುಂಡ್ಲುಹೊಳೆ ಕಳಿಸಿದ ಮರಳೂ ಸೇರಿ ಹೂಳು ಹೆಚ್ಚಾಗಿ ಜಲಾಶಯದಲ್ಲೇ ತಂಗುತ್ತದೆ. ಅದರ ಮೇಲೆ ನದಿಪಾತ್ರದ ಮರಳುಗಾರಿಕೆ. ತೀರ ರಕ್ಷಣೆಯ ಯೋಜನೆಗಳು ಇಂದಿಗೂ ಹೆಚ್ಚಾಗಿ ದಂಡೆಯಿಂದಲೇ ಆರಂಭವಾಗುತ್ತವೆ. ಶಾಸ್ತ್ರ ಅರವತ್ತು ವರ್ಷದ ಹಿಂದೆಯೇ ಬರೆದ ಜಮಾ-ಖರ್ಚಿನಲ್ಲಿ ನದಿ ಜಮಾ ಬದಿಯಲ್ಲಿದೆ. ಯೋಜನೆಗಳೂ ಆ ಪುಟವನ್ನು ತೆರೆಯಬೇಕು.