ಆನಂದೀಬಾಯಿ ಜೋಶಿಯವರೂ ದೂರದೇಶದ ವೈದ್ಯವಿದ್ಯೆಯೂ

ಕಳೆದ ಶ್ರಾವಣಮಾಸದ ಒಂದು ಸಾಯಂಕಾಲ, ಮಳೆಯು ಸ್ವಲ್ಪ ಹೊಳವಾಗಿದ್ದಾಗ, ನನ್ನ ಹಳೆಯ ಶಿಷ್ಯನೊಬ್ಬನು ತನ್ನ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದನು. ಹುಡುಗಿಯ ಕೈಯಲ್ಲಿ ಎರಡು ಪತ್ರಗಳಿದ್ದುವು. ಎರಡೂ ಪರದೇಶದ ವೈದ್ಯಕೀಯ ವಿದ್ಯಾಲಯಗಳಿಂದ ಬಂದಂಥವು. ಎರಡರಲ್ಲಿಯೂ ಆಕೆಗೆ ಪ್ರವೇಶವು ದೊರೆತಿತ್ತು. “ಮೇಷ್ಟ್ರೇ, ಹತ್ತಿರದ್ದನ್ನು ಆರಿಸೋಣವೆಂದರೆ ಎರಡೂ ದೂರವೇ. ತಾವೇ ಒಂದು ಮಾತು ಹೇಳಬೇಕು” ಎಂದು ತಂದೆಯು ಕೇಳಿದನು.

ನಾನು ಕೂಡಲೆ ಉತ್ತರ ಕೊಡಲಿಲ್ಲ. ಅದಕ್ಕೆ ಕಾರಣವಿಲ್ಲದೆ ಇಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ ಇಂಥದೇ ಒಂದು ಪ್ರಶ್ನೆಯು ನನ್ನ ಮುಂದೆ ಬಂದಿತ್ತು. ಆಗ ನಮ್ಮ ಶಾಲೆಯಲ್ಲಿ ಓದಿದ್ದ ಒಬ್ಬ ಬುದ್ಧಿವಂತೆಗೆ ನಾಡಿನ ಉತ್ತರದ ತುದಿಯ ಎರಡು ಊರುಗಳಲ್ಲಿ ವೈದ್ಯವಿದ್ಯೆಗೆ ಅವಕಾಶವಾಗುವಂತಿತ್ತು. ಅವಳ ತಂದೆಯು ನನ್ನನ್ನು ಕೇಳಲು, ಹೆಣ್ಣುಮಗಳನ್ನು ಅಷ್ಟು ದೂರ ಕಳುಹಿಸುವುದೇಕೆ, ಇಲ್ಲಿಯೇ ಬಿ.ಎಸ್‌ಸಿ. ಓದಲಿ ಎಂದು ನಾನು ಬಲು ಸುಲಭವಾಗಿ ಹೇಳಿಬಿಟ್ಟೆನು. ಮಾತಿಗೆ ಒಂದು ಸುಭಾಷಿತವನ್ನೂ ಸೇರಿಸಿದೆನು. ಅವರು ಹಾಗೆಯೇ ಮಾಡಿದರು. ಆಕೆಯು ಈಗಲೂ ದಾರಿಯಲ್ಲಿ ಸಿಕ್ಕಿದರೆ ನಿಂತು ನಮಸ್ಕರಿಸುತ್ತಾಳೆ. ಆ ಮಾತನ್ನು ಮಾತ್ರ ಎಂದೂ ಎತ್ತುವುದಿಲ್ಲ.

ಆದುದರಿಂದ ಈ ಸಲ ನಾನು ನನ್ನ ಅಭಿಪ್ರಾಯವನ್ನು ಬದಿಗಿಟ್ಟು, ಹುಡುಗಿಗೆ ಹಿಂದಿನವರ ಕಥೆಯನ್ನು ಹೇಳಿದೆನು. ಅದನ್ನೇ ಇಲ್ಲಿ ಕೊಂಚ ಕ್ರಮಪಡಿಸಿ ಬರೆದಿದ್ದೇನೆ.

ವೈದ್ಯವಿದ್ಯೆಗಾಗಿ ಮನೆಯನ್ನು ಬಿಟ್ಟು ಹೋಗುವುದು ನಮ್ಮ ದೇಶಕ್ಕೆ ಹೊಸತಲ್ಲ. ಜೀವಕನು ರಾಜಗೃಹದಿಂದ ತಕ್ಷಶಿಲೆಗೆ ಹೋಗಿ ಏಳು ವರ್ಷ ಕಲಿತನೆಂದು ಬೌದ್ಧರ ವಿನಯಪಿಟಕದಲ್ಲಿ ಹೇಳಿದೆ. ಮಗಧದಿಂದ ಗಾಂಧಾರಕ್ಕೆ ಆ ಕಾಲದಲ್ಲಿ ನಡೆದು ಹೋಗುವುದೆಂದರೆ ಇಂದಿನ ವಿಮಾನಪ್ರಯಾಣದಂತಲ್ಲವಷ್ಟೆ. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ವೈದ್ಯನಾಗಬಯಸುವವನು ಏನೇನನ್ನು ವಿಚಾರಿಸಬೇಕೆಂಬ ವಿಷಯವು ಬರುತ್ತದೆ. ಕಾರ್ಯದ ಗುರುಲಾಘವ, ಅದರ ಫಲ, ದೇಶಕಾಲಗಳು ಇವನ್ನು ಮೊದಲು ತೂಗಬೇಕು. ಬಳಿಕ ಶಾಸ್ತ್ರವನ್ನು ಪರೀಕ್ಷಿಸಬೇಕು, ಏಕೆಂದರೆ ಲೋಕದಲ್ಲಿ ವೈದ್ಯಶಾಸ್ತ್ರಗಳು ಅನೇಕವಾಗಿ ಹರಡಿವೆ. ಅದಾದ ಮೇಲೆ ಆಚಾರ್ಯನನ್ನು ಪರೀಕ್ಷಿಸಬೇಕು. ಆ ಆಚಾರ್ಯನು ಪರಿದೃಷ್ಟಕರ್ಮನೂ ಜಿತಹಸ್ತನೂ ಉಪಕರಣವಂತನೂ ಆಗಿರಬೇಕು. ಎಂದರೆ, ಕೆಲಸವನ್ನು ಕಣ್ಣಾರೆ ಕಂಡವನು, ಕೈಪಳಗಿದವನು, ಸಲಕರಣೆಯುಳ್ಳವನು. ಶಿಷ್ಯನು ಗುರುವನ್ನು ಹೀಗೆ ಪರೀಕ್ಷಿಸಬಹುದೆಂಬುದನ್ನು ನಮ್ಮ ಪಾಠಶಾಲೆಯಲ್ಲಿ ಯಾರೂ ನಮಗೆ ಹೇಳಿರಲಿಲ್ಲ!

ಈಗ ಆನಂದೀಬಾಯಿಯ ವಿಷಯ. ಕಲ್ಯಾಣದ ಮನೆತನದ ಈಕೆ 1865ನೆಯ ಮಾರ್ಚ್ 31ರಂದು ಹುಟ್ಟಿದಳು. ಒಂಬತ್ತು ವರ್ಷಕ್ಕೆ ಮದುವೆ. ಗಂಡ ಗೋಪಾಲರಾವ್ ಜೋಶಿಯು ಅಂಚೆಯ ಇಲಾಖೆಯಲ್ಲಿ ಗುಮಾಸ್ತ, ಅವಳಿಗಿಂತ ಇಪ್ಪತ್ತು ವರ್ಷದಷ್ಟು ಹಿರಿಯ. ಹೆಂಡತಿಗೆ ಓದನ್ನು ಕಲಿಸಲೇಬೇಕೆಂಬ ಛಲ ಅವನದು; ಆ ಛಲದಲ್ಲಿ ಕಠೋರತೆಯೂ ಇತ್ತು, ಅದನ್ನು ಮುಚ್ಚಿಡುವುದು ಬೇಡ. ಹದಿನಾಲ್ಕನೆಯ ವರ್ಷದಲ್ಲಿ ಆಕೆಗೆ ಗಂಡುಮಗುವಾಯಿತು. ತಕ್ಕ ಚಿಕಿತ್ಸೆಯಿಲ್ಲದೆ ಅದು ಹತ್ತು ದಿನಕ್ಕೇ ತೀರಿಕೊಂಡಿತು. ವೈದ್ಯೆಯಾಗಬೇಕೆಂಬ ಸಂಕಲ್ಪವು ಆ ಬಾಣಂತಿಯ ಕೋಣೆಯಲ್ಲಿ ಹುಟ್ಟಿದ್ದು.

ಗೋಪಾಲರಾವನು ಅಮೇರಿಕೆಯ ಪಾದ್ರಿ ವೈಲ್ಡರ್ ಎಂಬವರಿಗೆ ಸಹಾಯ ಕೋರಿ ಬರೆದನು. ಮತಾಂತರಕ್ಕೆ ಒಪ್ಪಿದರೆ ಸಹಾಯವೆಂಬ ಉತ್ತರ ಬಂದಿತು, ದಂಪತಿಗಳು ಒಪ್ಪಲಿಲ್ಲ. ಆದರೆ ಆ ಪತ್ರವ್ಯವಹಾರವು ಅಲ್ಲಿಯ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ನ್ಯೂಜೆರ್ಸಿಯ ರೊಸೆಲ್ ಎಂಬ ಊರಿನ ಗೃಹಿಣಿ ಥಿಯೊಡೀಸಿಯಾ ಕಾರ್ಪೆಂಟರ್, ದಂತವೈದ್ಯನ ಮನೆಯಲ್ಲಿ ತನ್ನ ಸರದಿಗಾಗಿ ಕಾಯುತ್ತಿದ್ದಾಗ ಅದನ್ನು ಅಕಸ್ಮಾತ್ತಾಗಿ ಓದಿ, ಗುರುತಿಲ್ಲದ ಈ ಹುಡುಗಿಗೆ ತಾನಾಗಿ ಪತ್ರ ಬರೆದಳು. ಕೆಲವೇ ಕಾಲದಲ್ಲಿ ಅವಳು ಆನಂದಿಗೆ ‘ಮಾವುಶಿ’, ಎಂದರೆ ಚಿಕ್ಕಮ್ಮ, ಆದಳು.

ಆಕೆಗೆ ಎರಡು ದಾರಿಗಳಿದ್ದುವು. ಒಂದು ಮದರಾಸು. ಅಲ್ಲಿಯ ವೈದ್ಯಶಾಲೆಯು 1835ರಲ್ಲಿ ಸ್ಥಾಪಿತವಾಗಿ, 1875ರಲ್ಲಿಯೇ ಹೆಂಗಸರಿಗೆ ಬಾಗಿಲು ತೆರೆದಿತ್ತು. ಇಂಗ್ಲೆಂಡಿನಲ್ಲಿ ಮುಂದೆ ಪ್ರಖ್ಯಾತೆಯಾದ ಮೇರಿ ಶಾರ್ಲೀಬ್ ಅಲ್ಲಿ ಮೊದಲು ಸೇರಿದ ನಾಲ್ವರಲ್ಲಿ ಒಬ್ಬಳು. ಕಲ್ಕತ್ತೆಯ ಕಾಲೇಜು ಹೆಂಗಸರನ್ನು ಸೇರಿಸದೆ ಇದ್ದುದರಿಂದ, ಅಬಲಾ ದಾಸ್ ಎಂಬ ಬಂಗಾಳದ ಕನ್ಯೆಯು 1882ರಲ್ಲಿ ಮದರಾಸಿಗೇ ಹೋದಳು. ಆರೋಗ್ಯ ಕೆಟ್ಟುದರಿಂದ ಪದವಿಯನ್ನು ಪಡೆಯದೆ ಹಿಂದಿರುಗಿ, ತರುವಾಯ ವಿಜ್ಞಾನಿ ಜಗದೀಶಚಂದ್ರ ಬೋಸರ ಕೈಹಿಡಿದಳು. ಇನ್ನೊಂದು ದಾರಿ ಫಿಲಡೆಲ್ಫಿಯಾ: ಅಲ್ಲಿ 1850ರಲ್ಲಿ ಕೇವಲ ಸ್ತ್ರೀಯರಿಗಾಗಿಯೇ ಹುಟ್ಟಿದ ವೈದ್ಯಕೀಯ ಕಾಲೇಜು ಇತ್ತು, ಅದರ ಮುಖ್ಯಸ್ಥೆಯೂ ಸ್ತ್ರೀಯೇ, ರೇಚಲ್ ಬಾಡ್ಲಿ.

1883ನೆಯ ಫೆಬ್ರವರಿ 24ರಂದು ಸಿರಾಂಪುರದ ಕಾಲೇಜಿನ ಸಭಾಂಗಣದಲ್ಲಿ ಆನಂದಿಯು ಜನರ ಮುಂದೆ ನಿಂತು ತನ್ನ ಆಯ್ಕೆಗೆ ಕಾರಣಗಳನ್ನು ಇಂಗ್ಲಿಷಿನಲ್ಲಿ ಹೇಳಿದಳು. ಹದಿನೆಂಟು ಇನ್ನೂ ತುಂಬಿರಲಿಲ್ಲ. ಹಿಂದೂಸ್ಥಾನದಲ್ಲಿ ಕಲಿಯಲು ಉಪಾಯವಿಲ್ಲವೆ, ಒಬ್ಬಳೇ ಏಕೆ ಹೋಗಬೇಕು, ಹಿಂದಿರುಗಿದಾಗ ಜಾತಿಯವರು ಬಹಿಷ್ಕರಿಸರೆ, ಅಲ್ಲಿ ಕೇಡಾದರೆ ಏನು ಗತಿ, ಹೀಗೆ ಜನರು ಕೇಳುತ್ತಿದ್ದ ಪ್ರಶ್ನೆಗಳನ್ನು ತಾನೇ ಎತ್ತಿ ತಾನೇ ಉತ್ತರಿಸಿದಳು. ಮದರಾಸಿನಲ್ಲಿ ಕಾಲೇಜು ಇದೆಯೆಂಬುದನ್ನು ಮರೆಮಾಡಲಿಲ್ಲ. ಆದರೆ ಈ ದೇಶದಲ್ಲಿ ಹೆಂಗಸರಿಗೆ ಕೊಡುವ ಆ ಶಿಕ್ಷಣವು ಅಪೂರ್ಣವೆಂದೂ, ಕಲಿಸುವವರು ಹಳೆಯ ಮನೋಭಾವದವರೂ ಸ್ವಲ್ಪ ಅಸೂಯಾಪರರೂ ಆಗಿದ್ದಾರೆಂದೂ ಸ್ಪಷ್ಟವಾಗಿ ಹೇಳಿದಳು. ಬೀದಿಯಲ್ಲಿ ಪುಸ್ತಕ ಹಿಡಿದು ನಡೆದರೆ ಸಾಕು, ಇಲ್ಲಿಯ ಜನರು ಹಾಸ್ಯಮಾಡುವುದನ್ನು ಆಕೆ ಉಂಡಿದ್ದಳು. ಬಹಿಷ್ಕಾರದ ವಿಷಯದಲ್ಲಿ ಆಕೆಯ ಉತ್ತರವು ಇನ್ನೂ ಚಿಕ್ಕದು: ಇಲ್ಲಿ ಹೇಗಿದ್ದೇನೋ ಅಲ್ಲಿಯೂ ಹಾಗೆಯೇ ಇರುವೆನು. ಚರಕನು ಹೇಳಿದ ಪರೀಕ್ಷೆಯನ್ನು ಅಕ್ಷರಶಃ ಮಾಡಿದವಳು ಈಕೆಯೆಂದು ನನಗೆ ತೋರುತ್ತದೆ. ದೂರವನ್ನು ಆಕೆ ಗಣಿಸದೆ ಇರಲಿಲ್ಲ. ಆದರೆ ಮೊದಲು ಗಣಿಸಿದ್ದು ಆಚಾರ್ಯರನ್ನು.

ಅದೇ ಏಪ್ರಿಲಿನಲ್ಲಿ ಕಲ್ಕತ್ತೆಯಲ್ಲಿ ಹಡಗು ಹತ್ತಿ ಜೂನಿನಲ್ಲಿ ನ್ಯೂಯಾರ್ಕನ್ನು ಸೇರಿದಳು. ಗಂಡನು ಜೊತೆಯಲ್ಲಿರಲಿಲ್ಲ. ಸೀರೆಯನ್ನು ಬಿಡಲಿಲ್ಲ, ಶಾಕಾಹಾರವನ್ನು ಬಿಡಲಿಲ್ಲ. ಫಿಲಡೆಲ್ಫಿಯಾದ ಚಳಿಯಲ್ಲಿ ದೇಹವು ಸೊರಗಿತು. 1885ರ ಅಕ್ಟೋಬರಿನಲ್ಲಿ ತೆಗೆದ ಒಂದು ಛಾಯಾಚಿತ್ರದಲ್ಲಿ ಸೀರೆಯ ಆನಂದಿ, ಜಪಾನಿನ ಕೇಯಿ ಓಕಾಮಿ, ಸಿರಿಯಾದೇಶದ ಸಬಾತ್ ಇಸ್ಲಾಂಬೂಲಿ ಮೂವರೂ ತಂತಮ್ಮ ದೇಶದ ಉಡುಪಿನಲ್ಲಿ ಕುಳಿತಿದ್ದಾರೆ. ಪದವಿಗಾಗಿ ಆಕೆ ಬರೆದ ಪ್ರಬಂಧದ ವಿಷಯವು ಆರ್ಯ ಹಿಂದುಗಳಲ್ಲಿ ಪ್ರಸೂತಿವಿದ್ಯೆ. ಆಯುರ್ವೇದದ ಗ್ರಂಥಗಳನ್ನೂ ಅಮೇರಿಕೆಯ ಪಠ್ಯಗಳನ್ನೂ ಒಟ್ಟಿಗೆ ಇಟ್ಟು ಬರೆದುದು. ಸಂಸ್ಕೃತವನ್ನು ಓದಿಕೊಂಡ ನಮ್ಮಂಥವರಿಗೆ ಇಷ್ಟನ್ನು ಕೇಳಿದಾಗಲೇ ಮನಸ್ಸು ತುಂಬುತ್ತದೆ.

1886ನೆಯ ಮಾರ್ಚ್ 11ರ ಪದವೀದಾನಸಭೆಯಲ್ಲಿ ಪಂಡಿತಾ ರಮಾಬಾಯಿಯವರೂ ಇದ್ದರು. ಈ ರಮಾಬಾಯಿಯವರು ನಮ್ಮ ಘಟ್ಟಸೀಮೆಯವರು; ಇವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದುದಕ್ಕಾಗಿ ಊರವರ ವಿರೋಧವನ್ನು ಕಟ್ಟಿಕೊಂಡು ಗಂಗಾಮೂಲದ ಕಾಡಿನಲ್ಲಿ ಆಶ್ರಮ ಮಾಡಿದರು. ಅಲ್ಲಿ 1858ರಲ್ಲಿ ರಮಾಬಾಯಿ ಹುಟ್ಟಿದರು. ಅವರೂ ವೈದ್ಯವಿದ್ಯೆಗೆಂದೇ 1883ರಲ್ಲಿ ಇಂಗ್ಲೆಂಡಿಗೆ ಹೋದವರು. ಕಿವಿ ಮಂದವಾಗುತ್ತ ಬಂದುದರಿಂದ ಆ ಬಾಗಿಲು ಮುಚ್ಚಿತು. ತನಗೆ ದೊರೆಯದುದನ್ನು ಬಂಧುವಾದ ಆನಂದಿಯು ಪಡೆಯುವುದನ್ನು ನೋಡಲು ಅವರು ಸಮುದ್ರವನ್ನು ದಾಟಿ ಬಂದರು.

ಮುಂದಿನದನ್ನು ಹುಡುಗಿಗೆ ಹೇಳಲು ನನಗೆ ಗಂಟಲು ಕಟ್ಟಿತು. ಆದರೂ ಅರ್ಧಕಥೆಯು ಸುಳ್ಳಿಗೆ ಸಮಾನವಷ್ಟೆ. ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀಯರ ವಿಭಾಗಕ್ಕೆ ನೇಮಕವಾಗಿ, ಆಕೆ 1886ರ ಕೊನೆಯಲ್ಲಿ ಹಿಂದಿರುಗಿದಳು. ಕ್ಷಯವು ಆಗಲೇ ಹಿಡಿದಿತ್ತು. 1887ನೆಯ ಫೆಬ್ರವರಿ 26ರಂದು, ಇಪ್ಪತ್ತೆರಡು ತುಂಬಲು ತಿಂಗಳಿರುವಾಗ, ಪುಣೆಯಲ್ಲಿ ತೀರಿಕೊಂಡಳು. ಚಿತಾಭಸ್ಮವನ್ನು ‘ಮಾವುಶಿ’ಗೆ ಕಳುಹಿಸಲು, ಅವಳು ಅದನ್ನು ಪೊಕೀಪ್ಸಿಯ ತಮ್ಮ ಕುಟುಂಬದ ಸ್ಮಶಾನದಲ್ಲಿರಿಸಿದಳು.

ಕಲ್ಕತ್ತೆಯಲ್ಲಿಯೇ ಉಳಿದು, ಆ ಕಾಲೇಜಿನ ಬಾಗಿಲನ್ನು ತೆರೆಯಿಸಿ ಓದಿದ ಕಾದಂಬಿನೀ ಗಂಗೂಲಿಯು 1886ರಲ್ಲಿಯೇ ವೈದ್ಯೆಯಾದಳು. ಆಮೇಲೆ ಎಡಿನ್‌ಬರೋಗೆ ಹೋಗಿ 1893ರಲ್ಲಿ ಅಲ್ಲಿಯ ಅರ್ಹತೆಗಳನ್ನೂ ಪಡೆದು, 1923ರವರೆಗೆ ಬಾಳಿದಳು. ಹಾಗೆಂದು ಆನಂದಿಯು ತಪ್ಪು ಆರಿಸಿದಳೆನ್ನಲು ನನ್ನ ನಾಲಗೆ ಏಳದು.

ನಮ್ಮ ಮೈಸೂರು ಸಂಸ್ಥಾನದಲ್ಲಿ ವೈದ್ಯಕೀಯ ಕಾಲೇಜು ಬಂದುದು 1924ರಲ್ಲಿ. ಮೊದಲು ಬೆಂಗಳೂರಿನಲ್ಲಿದ್ದು 1930ರಲ್ಲಿ ಮೈಸೂರಿಗೆ ಹೋಯಿತು. ಅದಕ್ಕೆ ಮುಂಚೆ ಈ ಕಡೆಯವರಿಗೆ ಮದರಾಸು, ಧಾರವಾಡದ ಕಡೆಯವರಿಗೆ ಮುಂಬಯಿ. ನಮ್ಮ ಮುತ್ತಾತಂದಿರ ಕಾಲಕ್ಕೆ ಅವೇ ಪರದೇಶಗಳು.

ಕಥೆ ಮುಗಿದ ಮೇಲೆ, ಚರಕನ ಪ್ರಶ್ನೆಗಳನ್ನೇ ಹುಡುಗಿಗೆ ಕೇಳಿದೆನು. ಆ ಎರಡು ಊರುಗಳ ಆಸ್ಪತ್ರೆಗಳಲ್ಲಿ ರೋಗಿಗಳೆಷ್ಟು, ವಿದ್ಯಾರ್ಥಿಯು ಅವರ ನಾಡಿ ಹಿಡಿಯಬಹುದೆ, ಅವರ ಭಾಷೆ ನಿನಗೆ ಬರುವುದೆ? ಪರದೇಶದಲ್ಲಿ ಓದಿದವರು ಇಲ್ಲಿ ವೈದ್ಯರಾಗಬೇಕಾದರೆ 54 ತಿಂಗಳಿಗೆ ಕಡಮೆಯಿಲ್ಲದ ಪಾಠವೂ, ಅಲ್ಲಿಯೇ 12 ತಿಂಗಳ ಅಭ್ಯಾಸವೂ ಆಗಿರಬೇಕೆಂದು 2021ರ ನಿಯಮವಿದೆ. ಎರಡೂ ಕಡೆ ಅದು ಸಲ್ಲುವುದೆ? ತಂದೆಯು ಶುಲ್ಕದ ಲೆಕ್ಕವನ್ನು ಮಾತ್ರ ತಂದಿದ್ದನು. ಹುಡುಗಿಯು ಎಲ್ಲವನ್ನೂ ಪತ್ರದ ಬೆನ್ನಿಗೆ ಬರೆದುಕೊಂಡಳು. ಬರೆದು ಮುಗಿಸಿ, “ಅಜ್ಜಾ, ಆನಂದೀಬಾಯಿಯವರ ಕೋಣೆಯಲ್ಲಿ ಬೆಂಕಿ ಇರಲಿಲ್ಲವೆ?” ಎಂದು ಕೇಳಿದಳು. ಎರಡು ಊರುಗಳಲ್ಲಿ ಒಂದರಲ್ಲಿ ಐದು ತಿಂಗಳು ಹಿಮವಂತೆ.

ಉತ್ತರ ಕಳುಹಿಸಲು ಮುಂದಿನ ಶುಕ್ರವಾರದವರೆಗೆ ಅವಧಿಯಿತ್ತು. ಅವರು ಹೊರಟಾಗ ಮಳೆ ಮತ್ತೆ ಹಿಡಿದಿತ್ತು. ನನ್ನ ಮನೆಯವಳು ಒಳಗಿನಿಂದ ಒಂದು ಪ್ಲಾಸ್ಟಿಕ್ ಚೀಲವನ್ನು ತಂದು, ಎರಡು ಪತ್ರಗಳನ್ನೂ ಅದರಲ್ಲಿ ಸುತ್ತಿ ಕೊಟ್ಟಳು.