ಜೀತದ ಸಾಲ, ಬಿ.ಎ. ಸಾಲ

ಸಾಲಕ್ಕೆ ಮಗನನ್ನ ಒತ್ತೆ ಇಡೋದು ನಮ್ಮ ಸೀಮೆಗೆ ಹೊಸದಲ್ಲ. ಮದುವೆಗೋ ಕಾಯಿಲೆಗೋ ತಂದ ನೂರಿನ್ನೂರು ರೂಪಾಯಿಗೆ ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಕೇರಿಗಳ ಹುಡುಗರು ಉಳ್ಳವರ ಮನೇಲಿ ಜೀತಕ್ಕಿದ್ದರು. ಎಷ್ಟು ದುಡಿದರೂ ಅಸಲು ಹಾಗೇ ಇರ್ತಿತ್ತು. ಹುಣಸೂರಿನ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1976ರಲ್ಲಿ, ಕೇಂದ್ರದ ಜೀತ ನಿರ್ಮೂಲನಾ ಕಾಯ್ದೆ ಆ ಸಾಲವನ್ನೇ ರದ್ದು ಮಾಡಿತು.

ಆ ಕೇರಿಗಳ ಮೊಮ್ಮಕ್ಕಳು ಈಗ ರಾಜ್ಯಶಾಸ್ತ್ರದ ಬಿ.ಎ. ಓದ್ತಾರೆ. ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿದೆ ಅಂತ ಪರೀಕ್ಷೇಲಿ ಬರೀತಾರೆ. ಸರ್ಕಾರಿ ಕಾಲೇಜಿನ ಫೀಜು ಕಮ್ಮಿ, ನಿಜ. 1944ರಲ್ಲಿ ಶುರುವಾದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವೂ ಉಂಟು. ಆದರೆ ಆ ದುಡ್ಡು ಬರೋತನಕ ಮೈಸೂರಿನ ರೂಮಿನ ಬಾಡಿಗೆ, ಹೊಟ್ಟೆ ಕಾಯ್ತವೆಯೆ? ಅವ್ವ ಸಂಘದಲ್ಲಿ ಸಾಲ ಎತ್ತುತ್ತಾಳೆ, ವಾರವಾರ ಕಂತು. ಮಗ ರಜೇಲಿ ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ಹಾಕಿ ಅದನ್ನ ತೀರಿಸ್ತಾನೆ.

'ಇದನ್ನ ಓದಿ ಎಷ್ಟು ದುಡೀತೀಯ?' ಅನ್ನೋರು 1918ರ ಮಿಲ್ಲರ್ ಸಮಿತಿಯನ್ನ ನೆನೆಯಲಿ. ಮೈಸೂರು ಸಂಸ್ಥಾನದ ಕಚೇರಿಗಳೆಲ್ಲ ಓದಿದ ಒಂದೇ ಜಾತಿಯವರಿಂದ ತುಂಬಿದ್ದಕ್ಕೆ ಆ ಸಮಿತಿ ಬೇಕಾಯಿತು. ಆಗ ಬಿ.ಎ. ಅಂದರೆ ಬರೀ ಸಂಬಳವಲ್ಲ, ಅಧಿಕಾರ. ಈಗ ನಮ್ಮ ಹುಡುಗರು ಅದೇ ಬಿ.ಎ. ಹಿಡಿದು ಬಂದರೆ, ರಾಜ್ಯದಲ್ಲಿ ಲಕ್ಷಗಟ್ಟಲೆ ಸರ್ಕಾರಿ ಹುದ್ದೆ ಖಾಲಿ ಬಿದ್ದಿವೆ, ತುಂಬೋರಿಲ್ಲ. ಸಂಘದ ಕಂತು ಮಾತ್ರ ಒಂದು ವಾರವೂ ತಪ್ಪೋ ಹಾಗಿಲ್ಲ.